ಆರು ಕೆಟ್ಟ ಬೆಸುಗೆಗಳು

ಈ ಹುಡುಗಿಗೆ ಕೂರಲು ಕುರ್ಚಿ ಕೊಟ್ಟರೆ ಕೂರುವುದಿಲ್ಲ, ಮಗುಚಿ ನೋಡುತ್ತಾಳೆ! ಉತ್ಪ್ರೇಕ್ಷೆ ಎನ್ನಬೇಡಿ. ತುಮಕೂರಿನ ಪತ್ರಿಕೆಯೊಂದರಲ್ಲಿ ಕೆಲಸ ಮಾಡುವ ನಾನು ಕಣ್ಣಾರೆ ಕಾಣದ್ದನ್ನು ಬರೆಯುವವನಲ್ಲ.

ಗುಬ್ಬಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ನನ್ನ ಗೆಳೆಯನ ಮಗಳು ಈಕೆ. ತುಮಕೂರಿನ ಬಟವಾಡಿಯಲ್ಲಿ ರೂಮು ಮಾಡಿಕೊಂಡು ಲೋಹಗಳ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದಾಳೆ. ವಿಷಯ: ಬೆಸುಗೆ ಏಕೆ ಬಿರಿಯುತ್ತದೆ? ಅದನ್ನು ತಿಳಿಯಲು ಇಷ್ಟು ಓದಬೇಕೆ ಎಂದು ನೀವು ಕೇಳಬಹುದು. ಅವಳಪ್ಪನೂ ಕೇಳಿದ್ದ.

ಕುಣಿಗಲ್‌ನ ಮದುವೆಯೊಂದರಲ್ಲಿ ವರನ ದೊಡ್ಡಪ್ಪನಿಗೆ, "ಆ ಕುರ್ಚಿ ಬೇಡ ಅಂಕಲ್, ವೆಲ್ಡಿಂಗ್ ಜಾಯಿಂಟು ಬಿರುಕು ಬಿಟ್ಟಿದೆ" ಎಂದಳು.

"ನಾನೇನ್ ಆನೆನಾ ತಾಯಿ?" ಎಂದು ಅವರು ಕೂತರು. ಬಿದ್ದರು. ನಾವೆಲ್ಲ ಎತ್ತಲು ಓಡಿದರೆ, ಈಕೆ ಮೊದಲು ಮುರಿದ ಜಾಗದ ಫೋಟೊ ತೆಗೆದಳು!

ಈ ಹುಚ್ಚು ಹತ್ತಿದ್ದು ಅಂಗಡಿಯಲ್ಲೇ. "ಬೇಗ ಕೊಡಿ ಸಾಬ್ರೇ, ಟ್ರ್ಯಾಕ್ಟರು ನಿಂತೈತೆ" ಎಂದು ಗಿರಾಕಿ ಅವಸರಪಡಿಸಿದರೆ ಗೆಳೆಯ ಕೆಂಪಗೆ ಕಾದ ಬೆಸುಗೆಯ ಮೇಲೆ ಒಂದು ಚೊಂಬು ನೀರು ಸುರಿದು ಕೊಟ್ಟುಬಿಡುತ್ತಿದ್ದ. ವಾರದಲ್ಲಿ ಅದೇ ಕೊಂಡಿ ಮುರಿದು ಬರುತ್ತಿತ್ತು, ಜೊತೆಗೆ ಬೈಗುಳವೂ. ತಪ್ಪು ಅಪ್ಪನ ಕೈಯದಲ್ಲ, ಆ ನೀರಿನದು ಎಂಬುದು ಮಗಳ ವಾದ. ಅದನ್ನು ರುಜುವಾತು ಮಾಡಲು ಹನ್ನೆರಡು ತುಂಡು ಬೆಸೆದುಕೊಡು ಎಂದು ಅಪ್ಪನಿಗೇ ಹೇಳಿದಳು. ಅರ್ಧ ತಾನಾಗಿ ತಣಿಯಬೇಕು, ಅರ್ಧಕ್ಕೆ ಬಿಸಿಯಲ್ಲೇ ನೀರು ಬೀಳಬೇಕು.

ಲ್ಯಾಬಿನಲ್ಲಿ ಕಬ್ಬಿಣವನ್ನು ಎಳೆದು ಮುರಿಯುವ ಯಂತ್ರ ಅವಳಿಗೆ ಸಿಕ್ಕಿದ್ದು ಎರಡೇ ದಿನ. ಈ ಸಲ ಫಲಿತಾಂಶ ಬಾರದಿದ್ದರೆ ವಿಷಯವನ್ನೇ ಬದಲಿಸು ಎಂದು ಗೈಡ್ ಹೇಳಿಯಾಗಿತ್ತು. ಮೊದಲ ದಿನ ಹನ್ನೆರಡನ್ನೂ ಎಳೆದಳು. ನೀರು ಬಿದ್ದವೂ ಬೀಳದವೂ ಒಂದೇ ಗಟ್ಟಿ, ಒಂದರ ಬೆಸುಗೆಯೂ ಬಿರಿಯಲಿಲ್ಲ! ಮೂರು ವರ್ಷದ ವಾದ ಮಟಾಷ್.

ಬೇರೆ ಯಾರಾದರೂ ಆಗಿದ್ದರೆ ಅಳುತ್ತಿದ್ದರು. ಈಕೆಗೆ ಅಪ್ಪನ ಮೇಲೇ ಅನುಮಾನ; ಅಂದೇ ಸಂಜೆ ನನ್ನನ್ನೂ ಎಳೆದುಕೊಂಡು ಗುಬ್ಬಿ ಬಸ್ಸು ಹತ್ತಿದಳು. ಗಿರಾಕಿಗಳ ಮುಂದೆ ಮನೆಯ ಉರ್ದು ಆಡಬಾರದೆಂಬುದು ಅಂಗಡಿಯ ನಿಯಮ. ವಿಚಾರಣೆ ಕನ್ನಡದಲ್ಲೇ ನಡೆಯಿತು.

"ನಿಜ ಹೇಳು ಅಬ್ಬೂ. ನೀರು ಯಾವಾಗ ಹಾಕ್ದೆ?"

ಗೆಳೆಯ ನನ್ನ ಮುಖ ನೋಡಿದ. "ಪೂರ್ತಿ ತಣ್ಣಗಾದ್ಮೇಲೆ."

"ಯಾಕೆ?"

"ಇನ್ನೇನ್ ಮತ್ತೆ? ಮಗಳ ಪರೀಕ್ಷೆಗೆ ಬಿರಿಯೋ ಮಾಲು ಕೊಡ್ಲಾ? ಕಾಲೇಜಲ್ಲಿ ಎಲ್ರ ಮುಂದೆ ಮುರಿದೋದ್ರೆ ನಿನ್ ಮರ್ಯಾದೆ ಏನಾಗ್ಬೇಕು?"

"ಮುರೀಲಿ ಅಂತಾನೇ ಕೇಳಿದ್ದು! ಅದು ಮುರೀದಿದ್ರೆ ನನ್ ಓದೇ ಮುರಿಯುತ್ತೆ."

"ಅವಸರಕ್ಕೆ ಕೆಟ್ಟದ್ ಕೊಟ್ಟಿದೀನಿ. ಬೇಕಂತ ಯಾವತ್ತೂ ಕೊಟ್ಟಿಲ್ಲ ಕಣಮ್ಮ. ನನ್ ಕೈಲಾಗಲ್ಲ."

ಆಕೆ ಚೊಂಬಿನಲ್ಲಿ ನೀರು ತುಂಬಿ ಅವನ ಪಕ್ಕ ಇಟ್ಟು ನಿಂತಳು. ಮುಕ್ಕಾಲು ಗಂಟೆ ಕದಲಲಿಲ್ಲ. ಗಡಿಯಾರ ನೋಡಿಯೇ ಹೇಳುತ್ತಿದ್ದೇನೆ. ಕೊನೆಗೆ ಅವನು ಹೊಸದಾಗಿ ಆರು ತುಂಡು ಬೆಸೆದ. ಒಂದೊಂದರ ಮೇಲೂ ನೀರು ಸುರಿಯುವಾಗ ಮುಖ ಆಚೆ ತಿರುಗಿಸಿಕೊಂಡ.

ಮರುದಿನ ಲ್ಯಾಬಿಗೆ ನಾನೂ ಹೋದೆ. ಮೊದಲ ತುಂಡು ಬೆಸುಗೆಯ ಅಂಚಿನಲ್ಲೇ ಟಪ್ಪೆಂದು ಮುರಿಯಿತು. ಎರಡನೆಯದೂ. ಆರನೆಯದೂ! ಗೈಡ್ ತಲೆಯಾಡಿಸಿ ಸಹಿ ಹಾಕಿದರು. ಆಕೆ ನಿಂತಲ್ಲಿಂದಲೇ ಅಂಗಡಿಗೆ ಫೋನು ಹಚ್ಚಿದಳು.

"ಅಬ್ಬೂ, ಆರಕ್ಕಾರೂ ಮುರಿದ್ವು!"

ಆ ಕಡೆ ಗ್ರೈಂಡರಿನ ಸದ್ದು ನಿಂತಿತು.

"ಚೂರು ಸಿಡೀತಾ? ಕಣ್ಣಿಗೇನೂ ತಾಗ್ಲಿಲ್ಲ ತಾನೆ ಮಗಳೇ?"