ವೆಲ್ಚೆವ್ ಮೇಷ್ಟ್ರ ಭವಿಷ್ಯತ್ಕಾಲ

ಇನ್‌ಸ್ಪೆಕ್ಟರ್ ಬರುವ ದಿನವೇ ಪಾಠ ಭವಿಷ್ಯತ್ಕಾಲಕ್ಕೆ ಬಂದು ನಿಂತದ್ದು ವೆಲ್ಚೆವ್ ಮೇಷ್ಟ್ರ ಗ್ರಹಚಾರ. ಡ್ಯಾನ್ಯೂಬ್ ದಂಡೆಯ ನಮ್ಮ ಬಲ್ಗೇರಿಯದ ಪುಟ್ಟ ಊರಿನಲ್ಲಿ ಇಪ್ಪತ್ತು ವರ್ಷ ರಷ್ಯನ್ ಕಲಿಸಿದವರು ಅವರು. ಕಮ್ಯುನಿಸ್ಟ್ ಸರ್ಕಾರ ಬಿದ್ದು ರಷ್ಯನ್ ಯಾರಿಗೂ ಬೇಡವಾದಾಗ ಸಂಜೆ ತರಗತಿಗೆ ಹೋಗಿ ಇಂಗ್ಲಿಷ್ ಮೇಷ್ಟ್ರಾದರು. ಇಂದಿಗೂ ಮಕ್ಕಳಿಗಿಂತ ಎರಡೇ ಪುಟ ಮುಂದೆ. ಇಂಗ್ಲಿಷ್ ಕಲಿಯುವ ವಯಸ್ಸಿನ ಮಕ್ಕಳು ಶಾಲೆಯಲ್ಲಿ ಉಳಿದಿರುವುದೂ ಹನ್ನೊಂದೇ. ಪಿಂಚಣಿಗೆ ಇನ್ನು ಮೂರು ವರ್ಷ; ಅಷ್ಟರೊಳಗೆ ಕೆಲಸ ಹೋದರೆ ಬೇರೆ ಗತಿಯಿಲ್ಲ.

ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಪುಸ್ತಕ ಬಿಚ್ಚಿದ್ದೇ ತಡ, ಸಲಹೆಗಳು ಶುರುವಾದವು.

“ಈಗಿಂದೀಗ ಮನಸ್ಸು ಮಾಡಿದ್ರೆ ‘ವಿಲ್’, ಮೊದಲೇ ಗೊತ್ತುಮಾಡ್ಕೊಂಡಿದ್ರೆ ‘ಗೋಯಿಂಗ್ ಟು’. ಇಷ್ಟೂ ಬರಲ್ವಾ?” ಎಂದರು ಭೂಗೋಳದ ತ್ಸೋಂಕಾ ಮೇಡಂ.

“ಹಾಗಾದ್ರೆ ನಾನು ಕಾಫಿ ಕುಡೀತೀನಿ ಅನ್ನೋದು ಯಾವುದು?” ಎಂದರು ವೆಲ್ಚೆವ್ ಮೇಷ್ಟ್ರು.

“ಕಪ್ಪು ಕೈಲೇ ಇದೆ, ಅದಕ್ಕೆ ಭವಿಷ್ಯ ಯಾಕೆ ಮಾರಾಯ್ರೆ!” ಎಂದು ವ್ಯಾಯಾಮದ ಮೇಷ್ಟ್ರು ಕಾಮೆನ್ ನಕ್ಕರು. “ವಾಕ್ಯ ಉರು ಹೊಡೆಸಿ. ಗೊತ್ತಿರೋರು ಬಲಗೈ ಎತ್ತಲಿ, ಗೊತ್ತಿಲ್ದೋರು ಎಡಗೈ. ಬಲಗೈನೋರನ್ನೇ ಎಬ್ಬಿಸಿ. ನಮ್ಮಲ್ಲಿ ಇನ್‌ಸ್ಪೆಕ್ಷನ್ ಅಂದ್ರೆ ಇದೇ ಅಲ್ವಾ?”

ಮೇಷ್ಟ್ರು ಹಾಗೇ ಮಾಡಿದರು. ಹನ್ನೊಂದು ಗಂಟೆಗೆ ಇನ್‌ಸ್ಪೆಕ್ಟರ್ ರಾದುಲೋವಾ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಕೈಗಳೇನೋ ಎದ್ದವು. ಆದರೆ ಗಾಬರಿಯಲ್ಲಿ ಮೂವರು ಮಕ್ಕಳು ಒಬ್ಬರ ಹಿಂದೊಬ್ಬರು ‘ನಾಳೆ ಮಳೆ ಬರುತ್ತದೆ’ ಎಂದೇ ಒಪ್ಪಿಸಿದರು.

“ವೆಲ್ಚೆವ್ ಅವರೇ, ನಾನೂ ಪಾಠ ಹೇಳ್ದೋಳೇ. ಈ ಎಡಗೈ ಬಲಗೈ ಆಟ ನಾನೂ ಆಡಿದೀನಿ,” ಎಂದರು ರಾದುಲೋವಾ. “ಮಳೆ ಸಾಕು. ಮುಂದೆ ಅವರವರ ಮನೇಲಿ ನಿಜವಾಗಿ ಏನಾಗುತ್ತೋ ಅದನ್ನ ಹೇಳ್ಲಿ.”

ಇದನ್ನು ಮೇಷ್ಟ್ರು ಯಾರಿಗೂ ಉರು ಹೊಡೆಸಿರಲಿಲ್ಲ. ಅಷ್ಟರಲ್ಲಿ ಯೋಆನಾ ಎದ್ದು, ಜೂನ್‌ನಲ್ಲಿ ನಮ್ಮ ಮನೆಯವರೆಲ್ಲ ಸ್ಪೇನ್‌ನಲ್ಲೇ ನೆಲೆಸಲು ಹೋಗುತ್ತಿದ್ದೇವೆ, ಬಸ್ ಟಿಕೆಟ್ ಆಗಿದೆ ಎಂದಳು. ‘ಗೋಯಿಂಗ್ ಟು’, ಸರಿಯಾಗಿ! ಗಾಲಿನ್‌ನ ಮನೆಯವರು ಇಟಲಿಗೆ. ಅವಳಿ ಸಹೋದರಿಯರು ಅಮ್ಮನ ಬಳಿ ಗ್ರೀಸ್‌ಗೆ. ಮತ್ತೆ ಐವರೂ ಹೀಗೇ ಒಂದೊಂದು ದೇಶಕ್ಕೆ. ಒಬ್ಬನಂತೂ ನಿಂತಲ್ಲೇ ಯೋಚಿಸಿ, ಹಾಗಾದರೆ ನಾವೂ ಹೊರಡೋಣ ಎಂದು ಅಪ್ಪನಿಗೆ ಹೇಳುತ್ತೇನೆ ಎಂದ. ‘ವಿಲ್’! ಮೇಷ್ಟ್ರಿಗೆ ಹೆಮ್ಮೆಯಿಂದ ಕಣ್ಣು ತುಂಬಿತು.

“ಈ ಪಾಠನ ಇಷ್ಟು ಚೆನ್ನಾಗಿ ಮಾಡಿದೋರನ್ನ ನಾನು ಕಂಡೇ ಇಲ್ಲ,” ಎಂದು ರಾದುಲೋವಾ ಆರಕ್ಕೆ ಆರು ಅಂಕ ಬರೆದರು. ಆಮೇಲೆ ಹಾಳೆ ತಿರುವಿ, ದನಿ ತಗ್ಗಿಸಿದರು. “ಹನ್ನೊಂದರಲ್ಲಿ ಒಂಬತ್ತು ಮಕ್ಕಳು ಸೆಪ್ಟೆಂಬರ್‌ಗೆ ಇರಲ್ಲ ಅಂತಾಯ್ತು. ಇಬ್ಬರಿಗೋಸ್ಕರ ಒಬ್ಬ ಮೇಷ್ಟ್ರನ್ನ ಇಟ್ಕೊಳ್ಳೋಕೆ ನಿಯಮ ಬಿಡಲ್ಲ. ಕ್ಷಮಿಸಿ, ಕೇಳಿಸ್ಕೊಂಡಿದ್ದನ್ನ ಬರೀದೆ ಇರೋಕಾಗಲ್ಲ.”

ಅವರು ಹೊರಟುಹೋದರು. ಮೇಷ್ಟ್ರು ಪುಸ್ತಕ ಮುಚ್ಚಿಟ್ಟರು. ಅವರ ಮುಖ ನೋಡಿ ಯೋಆನಾಗೆ ಹೆದರಿಕೆಯಾಯಿತು.

“ಮೇಷ್ಟ್ರೇ, ನಾವು ತಪ್ಪು ಹೇಳಿದ್ವಾ?”

“ಇಲ್ಲ ಮಗೂ,” ಎಂದರು ಮೇಷ್ಟ್ರು. “ಒಂದೂ ತಪ್ಪಿಲ್ಲ.”