ಭಾಲ್ಕಿಯಲ್ಲಿ ‘ರನ್’ ಶಬ್ದದ ವ್ಯಾಖ್ಯಾನ

ಔರಾದ ತಹಸೀಲ ಕಚೇರಿಯ ಗುಮಾಸ್ತ ವೈಜಿನಾಥನಿಗೆ ಹೆಂಡತಿಯ ಮೇಲೆ ಇದ್ದದ್ದು ಒಂದೇ ದೂರು: ತವರಿಗೆ ಹೋದವಳು ಹೋದಲ್ಲೇ ಉಳಿದಳು. ಅಣ್ಣನ ಮದುವೆಗೆಂದು ನಾಲ್ಕು ದಿನದ ಮಾತು ಹೇಳಿ ಭಾಲ್ಕಿಗೆ ಹೋದ ಗುರಮ್ಮ ಎರಡು ತಿಂಗಳಾದರೂ ಬಂದಿರಲಿಲ್ಲ. ಇತ್ತ ವೈಜಿನಾಥ ತಾನೇ ಬಡಿದುಕೊಂಡ ಜೋಳದ ರೊಟ್ಟಿಗಳು ನಿಜಾಮ ಸರಕಾರದ ಒಂದೊಂದು ಜಿಲ್ಲೆಯ ಆಕಾರವನ್ನೂ ತಾಳಿ ಮುಗಿಸಿದ್ದವು. (ದುಂಡಗಿರುವ ಜಿಲ್ಲೆ ಒಂದೂ ಇಲ್ಲವೆಂದು ಬೇರೆ ಹೇಳಬೇಕಾಗಿಲ್ಲ.)

ಹಾಗಾದರೆ ಬಾ ಎಂದು ಬರೆಯಬಹುದಿತ್ತಲ್ಲ ಎಂದೀರಿ. ಹೆಂಡತಿಗೆ ನೇರವಾಗಿ ಕಾಗದ ಬರೆಯುವ ನಿರ್ಲಜ್ಜತನ ಆ ಕಾಲದಲ್ಲಿ ಯಾರಿಗೂ ಇರಲಿಲ್ಲ. ಬರೆದರೆ ಮಾವನಿಗೆ ಬರೆಯಬೇಕು. ‘ನಿಮ್ಮ ಮಗಳಿಲ್ಲದೆ ಮನೆ ಭಣಭಣ ಎನ್ನುತ್ತಿದೆ’ ಎಂದು ಮಾವನಿಗೆ ಯಾವ ಬಾಯಿಂದ ಬರೆಯುವುದು? ಆದ್ದರಿಂದ ವೈಜಿನಾಥ ತನ್ನ ಇಂಗ್ಲಿಷ್ ಅಭ್ಯಾಸದ ವರದಿ ಬರೆಯುತ್ತಿದ್ದ. ಬೀದರಿನ ಬಜಾರಿನಲ್ಲಿ ಕೊಂಡ, ರಟ್ಟು ಕಿತ್ತ ಡಿಕ್ಷನರಿಯಲ್ಲಿ ‘ರನ್’ ಎಂಬ ಚೋಟುದ್ದದ ಶಬ್ದ ಎರಡೂವರೆ ಪುಟ ನುಂಗಿ ಕೂತಿತ್ತು. ‘ಓಡು ಎಂಬುದು ಇದರ ಮೊದಲ ಅರ್ಥ ಮಾತ್ರ. ಉಳಿದವುಗಳ ಸಾಧನೆ ಭರದಿಂದ ಸಾಗಿದೆ’ ಎಂದು ಕಾಗದದ ಮೇಲೆ ಕಾಗದ ಹೋಯಿತು.

ಮಾವ ಮಲ್ಲಿಕಾರ್ಜುನಪ್ಪ ತೊಗರಿಬೇಳೆಯ ವ್ಯಾಪಾರಿ. ಆ ಕಾಗದಗಳನ್ನು ಅಂಗಡಿಗೆ ಬಂದವರಿಗೆಲ್ಲ ಓದಿಸಿ ಹಿಗ್ಗಿ, ಉತ್ತರ ಬರೆಸಿದ: ‘ಅಳಿಯಂದಿರ ಅಭ್ಯಾಸಕ್ಕ ಭಂಗ ಆಗಬಾರದಂತ ಮಗಳನ್ನ ಇಲ್ಲೇ ಇಟ್ಟುಕೊಂಡೇವಿ. ಸಾವಕಾಶ ಓದ್ರಿ.’

ವೈಜಿನಾಥ ಮರುದಿನವೇ ಅದನ್ನು ಕಚೇರಿಗೆ ಒಯ್ದ. ಪಕ್ಕದ ಮೇಜಿನ ಗುಲಾಮ ರಸೂಲನಿಗೆ ಕಾಗದ ತೋರಿಸಿದ.

“ಭಾಯಿ, ಟಪಾಲಿನಾಗ ಹೆಣ್ತಿ ಬರಂಗಿಲ್ಲ. ಖುದ್ದು ಹೋಗ್ರಿ” ಎಂದ ಗುಲಾಮ ರಸೂಲ. “ಜುಮ್ಮಾ ರಜಾ ಅದಲ್ಲ?”

“ಅಲ್ಲೇ ಬಂದದ ನೋಡ್ರಿ ಫಜೀತಿ! ನಮ್ಮ ಮಾವನ ಮನ್ಯಾಗ ಶುಕ್ರವಾರ ಮಗಳನ್ನ ಹೊಸ್ತಿಲಾ ದಾಟಿಸಂಗಿಲ್ಲ. ಆಕಿ ಜೋಡಿ ಲಕ್ಷ್ಮಿನೂ ಹೋಗ್ತಾಳಂತ.”

ಸರಕಾರ ಬಿಡುವ ದಿನ ಶುಕ್ರವಾರ, ಮಾವ ಬಿಡದ ದಿನವೂ ಶುಕ್ರವಾರ. ಈ ಎರಡು ಹುಕುಮುಗಳ ನಡುವೆ ಅವನ ಸಂಸಾರ ಸಿಕ್ಕಿಕೊಂಡಿತ್ತು. ಕಡೆಗೆ ತಹಸೀಲದಾರರ ಕೈಕಾಲು ಹಿಡಿದು ಗುರುವಾರವೊಂದನ್ನು ಗಿಟ್ಟಿಸಿದ. ಶನಿವಾರ ಮುಂಜಾನೆ ಕಚೇರಿಯಲ್ಲಿ ಕಾಣದಿದ್ದರೆ ನೌಕರಿ ಕಾಣುವುದಿಲ್ಲ ಎಂಬ ಆಶೀರ್ವಾದವೂ ಜೊತೆಗೆ ಸಿಕ್ಕಿತು.

ಗುರುವಾರ ಹೊತ್ತು ಇಳಿಯುವಾಗ ಗಾಡಿ ಭಾಲ್ಕಿ ಮುಟ್ಟಿತು. ಅತ್ತೆ ಗುಂಡಮ್ಮ ಚಹಾದ ಜೊತೆ ಉಪಾಯವನ್ನೂ ತಂದಳು.

“ದೀಪ ಹಚ್ಚೂದರಾಗ ಗುರಮ್ಮ ಈ ಮನಿ ಬಿಟ್ಟು ಬಾಜೂಕಿನ ಭಾಗೀರಥಿಬಾಯಿ ಮನ್ಯಾಗ ಹೋಗಿ ಮಲಗಲಿ. ಹೊಂಟದ್ದು ಗುರುವಾರ ಆದಂಗ; ದೀಪ ಹಚ್ಚಿದ ಮ್ಯಾಲ ಹೊಸ್ತಿಲಾ ದಾಟಂಗಿಲ್ಲ. ಮುಂಜಾನೆ ಅಲ್ಲಿಂದ ಗಾಡಿ ಹತ್ರಿ. ನೀವು ಚಹಾ ಕುಡದು ಎದ್ದು ‘ನಡಿ’ ಅಂದ್ರ ಸಾಕು, ಆಕಿ ಗಂಟು ಕಟ್ಟಿಕೊಂಡು ತಯಾರ ಕುಂತಾಳ.”

ಚಹಾ ಮುಗಿಯುವುದರೊಳಗೆ ಮಲ್ಲಿಕಾರ್ಜುನಪ್ಪ ಎಂಟು ಮಂದಿ ವ್ಯಾಪಾರಿಗಳನ್ನು ಕಟ್ಟಿಕೊಂಡು ಬಂದ. ಅವರು ಪಡಸಾಲೆಯಲ್ಲಿ ಬಾಗಿಲಿನವರೆಗೂ ಒತ್ತಿ ಕೂತರು.

“ಅಳಿಯಂದಿರ, ಆ ರನ್ನಂದು ಸ್ವಲ್ಪ ಹೇಳ್ರಿ. ಎಲ್ಲಾರೂ ಕೇಳಾಕ ಬಂದಾರ.”

ಎರಡೇ ಅರ್ಥ ಹೇಳಿ ಎದ್ದುಬಿಡಬೇಕೆಂದು ವೈಜಿನಾಥ ಗಂಟಲು ಸರಿಪಡಿಸಿಕೊಂಡ. “ನದಿ ಹರಿದರೂ ರನ್ನೇ ರಿ. ನೆಗಡಿ ಬಂದು ಮೂಗು ಸೋರಿದರೂ ರನ್ನೇ.”

“ಸೀರಿ ಬಣ್ಣಾ ಬಿಟ್ರ?” ಎಂದು ಒಬ್ಬ ಕೇಳಿದ.

“ರನ್.”

“ಅಂಗಡಿ ನಡಸೂದಕ್ಕ?”

“ಅದೂ ರನ್.”

“ಅಂಗಡಿ ಕುಂತಲ್ಲೇ ಕುಂತಿರ್ತದಲ್ರಿ!”

“ಇಂಗ್ಲಿಷಿನಾಗ ಓಡ್ತದ.”

“ಕುಂತ ಅಂಗಡಿನೂ ಓಡಸ್ತಾರಲ್ಲೋ ಯಪ್ಪಾ, ಅದಕ್ಕ ಅವರು ರಾಜ್ಯಾ ಆಳ್ತಾರ!” ಎಂದು ಮಲ್ಲಿಕಾರ್ಜುನಪ್ಪ ತೊಡೆ ತಟ್ಟಿದ.

ಒಳಗೆ ಬಳೆಗಳು ಝಲ್ಲೆಂದವು. ಗುರಮ್ಮ ಮೆಚ್ಚಿದಳೆಂದು ವೈಜಿನಾಥನಿಗೆ ರೋಮಾಂಚನವಾಯಿತು. ಬಳೆ ಮತ್ತೆ ಸದ್ದು ಮಾಡಿತು. ಅವನು ದನಿ ಏರಿಸಿದ. ಗುಂಡಮ್ಮ ಕೆಮ್ಮಿದಳು, ಕಡೆಗೆ ಹಿತ್ತಾಳೆ ತಾಟು ಧಡಲ್ಲನೆ ಬಿತ್ತು. ಅವನು ಹದಿನೇಳನೆಯ ಅರ್ಥವನ್ನು ಇನ್ನಷ್ಟು ಬಿಡಿಸಿ ಹೇಳಿದ. ಗಂಡ ಏಳದೆ, ಎಂಟು ಮಂದಿ ಹಿರಿಯರನ್ನು ದಾಟಿಕೊಂಡು ಹೆಣ್ಣುಮಗಳು ಹೊರಗೆ ಹೋಗುವುದು ಹೇಗೆ? ಗುಂಡಮ್ಮ ಗಂಟನ್ನು ಹಿತ್ತಲ ಗೋಡೆಯ ಮೇಲಿಂದ ಭಾಗೀರಥಿಬಾಯಿಯ ಕೈಗೆ ದಾಟಿಸಿದಳು. ಗುರಮ್ಮನನ್ನು ಹಾಗೆ ದಾಟಿಸುವಂತಿರಲಿಲ್ಲ.

ಇಪ್ಪತ್ಮೂರನೆಯ ಅರ್ಥದ ನಡುವೆ ಗುಂಡಮ್ಮ ಹಚ್ಚಿದ ದೀಪ ತಂದು ಗೂಡಿನಲ್ಲಿಟ್ಟಳು. ಎಲ್ಲರೂ ಕೈಮುಗಿದರು. ವೈಜಿನಾಥನೂ ಮುಗಿದ. ಮುಗಿದ ಕೈ ಹಾಗೇ ಉಳಿಯಿತು.

ಮರುದಿನ ಮುಂಜಾನೆ ಮುಖ ತೊಳೆಯುವ ನೆವದಲ್ಲಿ ಹಿತ್ತಲಿಗೆ ಹೋದ. ಬಾಗಿಲ ಮರೆಯಿಂದ ಗುರಮ್ಮನ ದನಿ ಬಂತು.

“ನದಿ ಓಡಿಸಿದ್ರಿ, ಮೂಗು ಓಡಿಸಿದ್ರಿ, ನಮ್ಮಪ್ಪನ ಅಂಗಡಿ ಓಡಿಸಿದ್ರಿ. ನೀವಷ್ಟ ಚಾಪಿ ಬಿಟ್ಟು ಏಳಲಿಲ್ಲ.”

“ಹಿರ್ಯಾರು ಕೇಳಾಕತ್ತಿದ್ರು. ನಡುವ ಹ್ಯಾಂಗ ಏಳಬೇಕು?”

“ಬಳಿ ಒಡಿಯುವಂಗ ಕೈ ಝಾಡಿಸಿದೆ!”

“ನಿನಗ ಖುಷಿ ಆಗ್ಯಾದಂತ ತಿಳಕೊಂಡೆ.”

ಮರೆಯಲ್ಲಿ ನಗೆಯೋ ಬಿಕ್ಕೋ ಗೊತ್ತಾಗದ ಸದ್ದೊಂದು ಆಯಿತು. ಆಮೇಲೆ ಮೆಲ್ಲಗೆ, “ರೊಟ್ಟಿ ತಿನ್ನಂಗ ಆಗ್ತಾವೇನ್ರಿ?” ಎಂದಳು.



ಗಾಡಿ ಹೊರಡುವಾಗ ಗುಂಡಮ್ಮ ಭಾಗೀರಥಿಬಾಯಿಯ ಮನೆಯಿಂದ ಗಂಟು ತರಿಸಿ ಗಾಡಿಯಲ್ಲಿ ಇಡಿಸಿದಳು. “ಹೊಂಟ ಗಂಟು ತಿರುಗಿ ಹೊಸ್ತಿಲೊಳಗ ಬರಬಾರದು, ಒಯ್ರಿ. ಬರೂ ವಾರ ಆಷಾಢ ಹಿಡೀತದ. ಇನ್ನ ಗುರಮ್ಮ ನಾಗರ ಪಂಚಮಿ ಉಂಡಿ ತಿಂದೇ ಬರ್ತಾಳ.”

ದಾರಿಯುದ್ದಕ್ಕೂ ಗಂಟು ಅವನ ಪಕ್ಕದಲ್ಲಿ, ಅವಳು ಕೂರಬೇಕಾದ ಜಾಗದಲ್ಲಿ, ಅವಳಿಗಿಂತ ಗಂಭೀರವಾಗಿ ಕೂತಿತ್ತು. ಗಾಡಿ ಹಳ್ಳಕ್ಕಿಳಿದಾಗ ಅದು ಉರುಳದಂತೆ ಅವನು ಕೈ ಅಡ್ಡ ಹಿಡಿದ. ಹಳ್ಳ ದಾಟಿದ ಮೇಲೂ ಕೈ ತೆಗೆಯಲಿಲ್ಲ.

ಸಂಜೆ ಔರಾದದ ಮನೆಯಲ್ಲಿ ಗಂಟು ಬಿಚ್ಚಿದ. ಎರಡು ಸೀರೆ, ಕುಂಕುಮದ ಭರಣಿ. ತಳದಲ್ಲಿ ಹೊಸ ಕೌದಿ. ಕಳೆದುಹೋಯಿತೆಂದು ಅಗಸನೊಡನೆ ಅವನು ಜಗಳ ತೆಗೆದಿದ್ದ ನೀಲಿ ಗೀರಿನ ಅಂಗಿ, ಚೂರುಚೂರಾಗಿ, ಅವಳ ಹಳೆಯ ಸೀರೆಗಳ ನಡುವೆ ಹೊಲಿಗೆಯಾಗಿತ್ತು. ಹಾಸಿ ನೋಡಿದ. ಇಬ್ಬರಿಗೆ ಸಾಲುವಷ್ಟು ಅಗಲ. ಒಂದು ಅಂಚಿಗೆ ಕೂತು, ಪಂಚಮಿಗೆ ಎಷ್ಟು ದಿನವೆಂದು ಬೆರಳು ಮಡಿಸತೊಡಗಿದ. ಕೈಬೆರಳು ಮುಗಿದವು, ಕಾಲ್ಬೆರಳಿಗೆ ಬಂದ. ಅವೂ ಮುಗಿದವು, ದಿನಗಳು ಮುಗಿಯಲಿಲ್ಲ. ಉಳಿದವನ್ನು ಎಣಿಸಲು ಮನೆಯಲ್ಲಿ ಇನ್ನೊಬ್ಬರು ಬೇಕಾಗಿತ್ತು.