ಮಾವನ ಪುಕ್ಕಟೆ ಕನ್ನಡಕ

ಎಲ್ಲಕ್ಕೂ ಮೂಲ ಹೊಸದಾಗಿ ಬಂದಿದ್ದ ಅಂಚೆಯಣ್ಣನ ಮೀಸೆ. ಬೀದಿಗೆಲ್ಲ ‘ಮಾವ’ನಾಗಿದ್ದ ಕ್ಷೌರದಂಗಡಿಯವನು ಅದರ ತುದಿ ಸವರಲು ಹೋಗಿ, ಎಡಭಾಗವನ್ನೇ ಸ್ವರ್ಗಕ್ಕೆ ಕಳಿಸಿಬಿಟ್ಟಿದ್ದ.

“ಇದೇನ್ ಮಾವಾ, ಮೀಸೆಯೋ, ಇಲಿ ಕಡಿದ ಬ್ರಶ್ಶೋ? ವಿಮೆ ಕಾರ್ಡಿದ್ರೆ ಆಸ್ಪತ್ರೇಲಿ ಬಡವರಿಗೆ ಕನ್ನಡಕ ಪುಕ್ಕಟೆ. ನೀನು ಹಾಕಿಸ್ಕೊಳ್ಳೋವರೆಗೂ ನಾನು ಈ ಕುರ್ಚಿ ಹತ್ತಲ್ಲ!” ಅಂಚೆಯಣ್ಣ ಎದ್ದು ಹೊರಟ.

ಅಂಚೆಯವನ ಬಾಯಿ ಎಂದರೆ ಮನೆಮನೆಗೂ ಬಟವಾಡೆ. ಗಿರಾಕಿ ತಪ್ಪಿದರೆ ಒಲೆಯಲ್ಲಿ ಬೆಕ್ಕು ಮಲಗುತ್ತದೆ. ಮಾವ ಕಾರ್ಡು ಹಿಡಿದು ಆಸ್ಪತ್ರೆಗೆ ಓಡಿದವನೇ, ಬಾಗಿಲಲ್ಲಿದ್ದ ಗ್ಯಾಸ್ ಸಿಲಿಂಡರಿಗೆ “ನಮಸ್ಕಾರ ಸಾರ್” ಅಂದ.

ಕೌಂಟರಿನ ಹೆಂಗಸು ನಗು ನುಂಗಿದಳು. “ಒಬ್ರೇ ಬಂದ್ರೆ ತಿಂಗಳುಗಟ್ಲೆ ಕಾಯ್ಬೇಕು. ನಿಮ್ಮ ಬೀದಿಯಿಂದ ಹತ್ತು ಜನ ಕಾರ್ಡಿನೋರನ್ನ ಕರ್ಕೊಂಡ್ಬನ್ನಿ. ಶಿಬಿರ ಅಂತ ಮಾಡಿ ಇವತ್ತೇ ಕನ್ನಡಕ ಕೊಡ್ತೀವಿ.”

ಮಾವ ಬೀದಿಗೆ ಹಾರಿ ಬಂದ. ಮೊದಲು ನಿವೃತ್ತ ಮೇಷ್ಟ್ರ ಮನೆ.

“ನನ್ನದು ಹದ್ದಿನ ಕಣ್ಣು ಕಣಯ್ಯಾ!” ಮೇಷ್ಟ್ರು ಗೋಡೆಗೆ ತೂಗುಹಾಕಿದ್ದ ಅಂಗಿಯನ್ನು ಗದರಿದರು.

“ನಾನು ಈ ಕಡೆ ಇದೀನಿ ಮೇಷ್ಟ್ರೇ.”

“ಗೊತ್ತು! ಸುಮ್ನೆ ಪರೀಕ್ಷೆ ಮಾಡಿದೆ.”

ಮೇಷ್ಟ್ರಾಯಿತು, ಕಾವಲುಗಾರನಾಯಿತು, ಗಡಿಯಾರ ರಿಪೇರಿಯ ತಾತನಾಯಿತು. ಸಂಖ್ಯೆ ಹತ್ತು ಮುಟ್ಟಿದಾಗ ಇಸ್ತ್ರಿ ಅಂಗಡಿಯ ಅಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಳು.

“ಇವರಿಗೇನಾ ಮಾವಾ ಕನ್ನಡಕ ಹಾಕ್ಸೋದು? ಬೇರೆ ಯಾರೂ ಸಿಗಲಿಲ್ವಾ?”

“ಎಲ್ಲಾ ನನ್ನ ಹಳೇ ಗಿರಾಕಿಗಳಮ್ಮಾ! ನಾನು ಕರೆದ್ರೆ ಬಾವಿಗೂ ಬೀಳ್ತಾರೆ!”

ಒಬ್ಬರ ಹೆಗಲು ಒಬ್ಬರು ಹಿಡಿದು ರೈಲು ಹೊರಟಿತು. ಎಂಜಿನ್ನು ಮಾವನೇ. ಅವನು ಲೈಟುಕಂಬಕ್ಕೆ ಗುದ್ದಿದಾಗ ಬೋಗಿಗಳೆಲ್ಲ ಒಂದರ ಮೇಲೊಂದು.

ಸಂಜೆ ಹನ್ನೊಂದು ಮೂಗುಗಳ ಮೇಲೆ ಹನ್ನೊಂದು ಕನ್ನಡಕ. ಅಜ್ಜಿಕತೆಯಲ್ಲಿ ಶಾಪ ಇಳಿದ ರಾಜಕುಮಾರನಂತೆ ಮಾವ ಬೆರಗಾದ. ಮರದಲ್ಲಿ ಒಂದೊಂದು ಎಲೆಯೂ ಬೇರೆಬೇರೆ!

“ಬನ್ರಪ್ಪಾ, ನನ್ನ ಕನ್ನಡೀಲಿ ಮುಖ ನೋಡ್ಕೊಳ್ಳಿ!”

ಹತ್ತೂ ಜನ ಅಂಗಡಿಯೊಳಗೆ ಕಿಕ್ಕಿರಿದು ಕನ್ನಡಿಗೆ ಎದುರಾದರು. ನಗು ಒಂದೊಂದಾಗಿ ಆರಿತು. ಮೇಷ್ಟ್ರ ಒಂದು ಕೆನ್ನೆಗೂದಲು ಕಿವಿಯ ಮೇಲೆ, ಇನ್ನೊಂದು ದವಡೆಯ ಕೆಳಗೆ. ಕಾವಲುಗಾರನ ತಲೆ ಮೇಕೆ ಮೇಯ್ದ ಗುಡ್ಡ. ತಾತನ ನೆತ್ತಿಯಲ್ಲಿ ಯಾರೋ ಗದ್ದೆ ಉತ್ತು, ಅರ್ಧಕ್ಕೇ ಊಟಕ್ಕೆ ಎದ್ದು ಹೋದಂತಿತ್ತು.

“ಎಷ್ಟು ವರ್ಷದಿಂದ ಹೀಗಿದೆಯಯ್ಯಾ?” ಮೇಷ್ಟ್ರು ಮೆಲ್ಲಗೆ ಕೇಳಿದರು.

ಉತ್ತರಕ್ಕೆ ಯಾರೂ ಕಾಯಲಿಲ್ಲ. ತಲೆ ಮೇಲೆ ಟವೆಲು ಹೊದ್ದು ಒಬ್ಬೊಬ್ಬರೇ ಪಕ್ಕದ ಬೀದಿಯ ಸಲೂನಿನ ದಾರಿ ಹಿಡಿದರು. ಯಾರಿಗೂ ಯಾರ ಹೆಗಲೂ ಬೇಕಾಗಲಿಲ್ಲ.

ಕತ್ತಲಾಗುವ ಹೊತ್ತಿಗೆ ಅರ್ಧ ಮೀಸೆಯ ಅಂಚೆಯಣ್ಣ ಇಣುಕಿದ.

“ಏನ್ ಮಾವಾ, ಈಗ ಸರಿಯಾಗಿ ಕಾಣತ್ತಾ?”

“ಕಾಣತ್ತಪ್ಪಾ.”

“ಏನು ಕಾಣತ್ತೆ?”

ಮಾವ ಕನ್ನಡಕ ಒರೆಸಿ, ಮತ್ತೆ ಹಾಕಿಕೊಂಡು ನೋಡಿದ.

“ಖಾಲಿ ಕುರ್ಚಿ.”